ಉತ್ತರ ಗೋಡೆಯ ಕಿಂಡಿ

ಹಿಂಟರ್‌ಬೋಡೆನ್, ಸಾಫಿಯನ್ ಕಣಿವೆ
ಶನಿವಾರ, ಮಾರ್ಚ್ ೯, ೨೦೨೪

ಪ್ರಿಯ ಯೋರಿ,

ಈ ಕಾಗದ ಕೈಗೆ ಸಿಕ್ಕಾಗ ನೀನು ಮೊದಲು ಏನು ಮಾಡುತ್ತೀಯ ಎಂದು ನನಗೆ ಗೊತ್ತು. ಲಕೋಟೆಯನ್ನು ಅಂಗೈಯಲ್ಲಿ ತೂಗಿ ನೋಡುತ್ತೀಯ. ಇಷ್ಟು ದಪ್ಪ ಇದೆ ಎಂದರೆ ಬೈಗುಳವೇ ಇರಬೇಕು ಎಂದುಕೊಂಡು ಕಾಫಿ ಮುಗಿಯುವ ತನಕ ಪಕ್ಕಕ್ಕಿಡುತ್ತೀಯ. ಬೈಗುಳ ಇದೆ, ಆದರೆ ಕಡಿಮೆ. ದಪ್ಪಕ್ಕೆ ಕಾರಣ ಲೆಕ್ಕವೂ ವರದಿಯೂ ಸೇರಿ ನಾಲ್ಕು ಹಾಳೆ, ಬ್ಯಾಂಕಿನದೊಂದು ಫಾರಂ, ಸರ್ಕಾರದ್ದೊಂದು ಫಾರಂ, ಮತ್ತೆ ಅಂಚೆಚೀಟಿ ಹಚ್ಚಿ ನನ್ನದೇ ವಿಳಾಸ ಬರೆದ ಒಂದು ಖಾಲಿ ಲಕೋಟೆ. ಸಹಿ ಹಾಕಿ ಅದರೊಳಗಿಟ್ಟು ನಿನ್ನ ಬೀದಿಯ ಅಂಚೆಪೆಟ್ಟಿಗೆಗೆ ಹಾಕಿದರೆ ಸಾಕು. ಇದಕ್ಕಿಂತ ಸುಲಭ ಮಾಡಲು ನನ್ನಿಂದ ಆಗುವುದಿಲ್ಲ.

ಜನವರಿಯಲ್ಲಿ ನೀನು ಬರೆದದ್ದಕ್ಕೆ ಉತ್ತರ ಇದು. ಮನೆ ಮಾರೋಣ, ಜ್ಯೂರಿಕ್‌ನ ದಂತವೈದ್ಯರು ಒಳ್ಳೆಯ ಬೆಲೆ ಕೊಡುತ್ತಾರೆ, ಅರ್ಧ ಅರ್ಧ ಹಂಚಿಕೊಳ್ಳೋಣ, ನೀನೂ ಕೆಳಗಿಳಿದು ಒಂದು ಬೆಚ್ಚಗಿನ ಫ್ಲಾಟ್ ಹಿಡಿ ಎಂದು ಬರೆದಿದ್ದೆ. ಆ ದಂತವೈದ್ಯ ಮನೆ ನೋಡಲು ಬಂದಿದ್ದ. ನಡುಮನೆಯ ಕಲ್ಲೊಲೆಯನ್ನು ಬೆರಳಿನಿಂದ ತಟ್ಟಿ, "ಇದನ್ನ ಕಿತ್ತು ಹಾಕಿದ್ರೆ ಇಲ್ಲೊಂದು ಸೌನಾ ಚೆನ್ನಾಗಿ ಕೂರುತ್ತೆ" ಎಂದ. "ನಿಮ್ಮ ಹಲ್ಲು ಕಿತ್ತು ಹಾಕಿದ್ರೂ ಅಲ್ಲೂ ಒಂದು ಸೌನಾ ಚೆನ್ನಾಗೇ ಕೂರುತ್ತೆ" ಎಂದೆ. ಅವನು ನಕ್ಕ. ನಾನು ನಗಲಿಲ್ಲ. ಆಮೇಲೆ ಅವನೂ ನಿಲ್ಲಿಸಿದ.

ಮಾರುವುದಿಲ್ಲ ಯೋರಿ. ಮನೆಯನ್ನು ರಿಪೇರಿ ಮಾಡಿಸುತ್ತೇನೆ. ಬಣ್ಣ ಬಳಿದು ಕೈ ತೊಳೆದುಕೊಳ್ಳುವ ರಿಪೇರಿ ಅಲ್ಲ. ಬಿಸಿ ಹೊರಗೆ ಸೋರದ ಹಾಗೆ, ಒಂದು ಹನಿ ಎಣ್ಣೆ ಉರಿಸದೆ, ನಾನು ಚಳಿಗಾಲದಲ್ಲೂ ಬರಿಗಾಲಲ್ಲಿ ಅಡುಗೆಮನೆಗೆ ಹೋಗುವ ಹಾಗೆ. ಮನೆ ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ನಿನ್ನ ಸಹಿ ಇಲ್ಲದೆ ಬ್ಯಾಂಕು ಒಂದು ಫ್ರಾಂಕ್ ಕೊಡುವುದಿಲ್ಲ, ಸರ್ಕಾರ ಅರ್ಜಿಯ ಕಡೆ ಕಣ್ಣೂ ಹಾಯಿಸುವುದಿಲ್ಲ. ಏಪ್ರಿಲ್ ಹತ್ತರೊಳಗೆ ಸಹಿ ಬೇಕು. ಬರದಿದ್ದರೆ ಈ ವರ್ಷದ ಸಹಾಯಧನ ಹೋಯಿತು. ಅದು ಹೋದರೆ ನನ್ನ ಕೈಲಿ ಆಗುವ ಕೆಲಸವಲ್ಲ, ಮನೆ ದಂತವೈದ್ಯನ ಬಾಯಿಗೆ. ವಿಷಯ ಇಷ್ಟೇ.

ಈಗ ನೀನು, ಇವಳಿಗೆ ಇದೆಲ್ಲ ಏನು ಗೊತ್ತು ಎಂದು ಹುಬ್ಬು ಏರಿಸಿರುತ್ತೀಯ. ಇಪ್ಪತ್ತೆಂಟು ವರ್ಷ ಈ ಕಣಿವೆಯಲ್ಲಿ ಅಂಚೆ ಬಸ್ಸು ಓಡಿಸಿದ್ದೇನೆ. ಹಿಮದ ಮೇಲೆ ಒಂದು ತಿರುವು ತಿರುಗಿಸುವಾಗ ಅದರಾಚೆಯ ತಿರುವಿಗೂ ಚಕ್ರವನ್ನು ಸಿದ್ಧ ಮಾಡಿಕೊಳ್ಳುತ್ತಿದ್ದವಳು. ಮನೆಯ ಲೆಕ್ಕ ಅದಕ್ಕಿಂತ ಕಷ್ಟವಲ್ಲ, ಇಲ್ಲಿ ಹಿಂದಿನ ಸೀಟಿನಲ್ಲಿ ಯಾರೂ ವಾಂತಿ ಮಾಡುವುದಿಲ್ಲ.

ನವೆಂಬರಿನಲ್ಲಿ ಇಂಧನ ಉಳಿತಾಯದ ಸಲಹೆಗಾರ್ತಿಯನ್ನು ಕರೆಸಿದೆ. ಬಾರ್ಬ್ಲಾ ಹೊಸಾಂಗ್ ಎಂದು ಹೆಸರು, ಐವತ್ತು ದಾಟಿದ ಹೆಂಗಸು, ಮೇಲಿನ ಊರಿನ ಬಡಗಿಯ ಮಗಳು. ಬಂದವಳೇ ಮನೆಯ ಸುತ್ತ ಎರಡು ಸುತ್ತು ಹಾಕಿದಳು. ಸೂರಿನ ಕೆಳಗೆ ಕೆತ್ತಿರುವ ೧೭೪೩ ಎಂಬ ಇಸವಿಯನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಒಂದು ಕ್ಯಾಮೆರಾ ತೆಗೆದಳು. ಅದರಲ್ಲಿ ಮನೆಯ ಬಿಸಿ ಸೋರುವ ಜಾಗವೆಲ್ಲ ಕೆಂಪಗೆ ಕಾಣುತ್ತದೆ. ನಮ್ಮ ಮನೆ ಜ್ವರ ಬಂದವರ ಮುಖದ ಹಾಗಿತ್ತು. ಕಿಟಕಿಗಳ ಸುತ್ತ ಕೆಂಪು, ಸೂರಿನಂಚಿಗೆ ಕೆಂಪು, ಉತ್ತರದ ಗೋಡೆಯಲ್ಲಿ ಅತ್ತೆಯ ಕೋಣೆಯ ಹತ್ತಿರ ಒಂದು ಕಡೆಯಂತೂ ಕೆಂಡದ ಹಾಗೆ.

"ಇಲ್ಲೇನಿದೆ?" ಎಂದು ಕೇಳಿದಳು.

"ಬೀರು ಇದೆ" ಎಂದೆ. ಅದು ಸುಳ್ಳಲ್ಲ.

ನಾನು ಮೊದಲು ಹೀಟ್ ಪಂಪಿನ ಬೆಲೆ ಕೇಳಿದೆ. ಹೊರಗಿನ ಗಾಳಿಯಿಂದಲೇ ಬಿಸಿ ಹೀರಿ ಒಳಕ್ಕೆ ಕೊಡುವ ಆ ಯಂತ್ರವನ್ನು ಈ ಕಣಿವೆಯಲ್ಲೂ ಏಳೆಂಟು ಜನ ಹಾಕಿಸಿದ್ದಾರೆ. ನೀನಾಗಿದ್ದರೂ ಮೊದಲು ಅದನ್ನೇ ಕೇಳುತ್ತಿದ್ದೆ, ಯಂತ್ರ ಅಂದರೆ ನಿನಗೆ ಊಟ ಬೇಡ. ಬಾರ್ಬ್ಲಾ ಪೆನ್ನು ಮುಚ್ಚಿಟ್ಟಳು. "ಮೇಡಂ, ಮೊದಲು ಮನೆಗೆ ಸ್ವೆಟರ್ ತೊಡಿಸೋಣ, ಆಮೇಲೆ ಒಲೆ ತರೋಣ. ಮೈಮೇಲೆ ಬಟ್ಟೆ ಇಲ್ದೋನಿಗೆ ಎಷ್ಟು ದೊಡ್ಡ ಒಲೆ ಹಾಕಿದ್ರೂ ಬೆನ್ನು ತಣ್ಣಗೇ ಇರುತ್ತೆ. ಗೋಡೆ, ಛಾವಣಿ, ಕಿಟಕಿ ಮೊದಲು ಸರಿ ಮಾಡಿದ್ರೆ ಅರ್ಧ ಸೈಜಿನ ಯಂತ್ರ ಸಾಕಾಗುತ್ತೆ, ದುಡ್ಡೂ ಉಳಿಯುತ್ತೆ" ಎಂದಳು. ಅವಳ ಮಾತು ನನಗೆ ಹಿಡಿಸಿತು. ಬಾರ್ಲಿ ಸೂಪು ಬಡಿಸಿದೆ. ಎರಡನೇ ಬಟ್ಟಲು ತಾನೇ ಕೇಳಿ ಹಾಕಿಸಿಕೊಂಡಳು, ಅದೂ ಹಿಡಿಸಿತು.

ಲೆಕ್ಕ ಹೀಗಿದೆ, ಹಾಳೆಯಲ್ಲಿ ವಿವರ ಉಂಟು. ಛಾವಣಿಯೊಳಗೆ ಮರದ ನಾರು ತುಂಬಿಸಲು ಇಪ್ಪತ್ತನಾಲ್ಕು ಸಾವಿರ ಫ್ರಾಂಕ್. ಉತ್ತರ ಮತ್ತು ಪಶ್ಚಿಮದ ಗೋಡೆಗಳಿಗೆ ಹೊರಗಿನಿಂದ ಮರದ ನಾರಿನ ದಪ್ಪ ಹಲಗೆ ಹೊದಿಸಿ ಮೇಲೆ ಮತ್ತೆ ಹಳೆಯ ಮಾದರಿಯ ಹಲಗೆ ಬಡಿಯಲು ಮೂವತ್ತಾರು. ದಕ್ಷಿಣದ ಮುಖವನ್ನು ಮುಟ್ಟುವುದಿಲ್ಲ, ಅದರ ಕೆತ್ತನೆ ಹಾಗೇ ಇರಲಿ. ಹನ್ನೊಂದು ಕಿಟಕಿಗೆ ಹತ್ತೊಂಬತ್ತು. ಹಳೆಯ ಕಿಟಕಿ ಬಿಸಾಡದೆ ಒಳಗಿನಿಂದ ಎರಡನೆಯ ಗಾಜು ಕೂರಿಸುವುದರಿಂದ ಇಷ್ಟಕ್ಕೆ ಮುಗಿಯುತ್ತಿದೆ. ಎಣ್ಣೆ ಉರಿಸಿ ಮನೆ ಕಾಯಿಸುವ ಹಳೆಯ ಬಾಯ್ಲರನ್ನೂ ಅದರ ಟ್ಯಾಂಕನ್ನೂ ತೆಗೆದುಹಾಕಿ ಹೀಟ್ ಪಂಪ್ ಕೂರಿಸಲು ನಲವತ್ತೊಂದು. ಪರೀಕ್ಷೆ, ಸಲಹೆ, ಅಟ್ಟಣೆ ಎಲ್ಲ ಸೇರಿ ಹನ್ನೊಂದು. ಗೋಡೆ ಬಿಚ್ಚಿದಾಗ ಏನು ಕಾಣುತ್ತದೋ ಎಂಬ ಭಯಕ್ಕೆ ಹದಿಮೂರು ಬೇರೆಯಾಗಿ ಇಟ್ಟಿದ್ದೇನೆ. ಒಟ್ಟು ಒಂದು ಲಕ್ಷದ ನಲವತ್ತನಾಲ್ಕು ಸಾವಿರ. ಸರ್ಕಾರ ಮೂವತ್ತೆಂಟು ಕೊಡುತ್ತದೆ. ನನ್ನ ಉಳಿತಾಯ ಐವತ್ತಾರು. ಬ್ಯಾಂಕಿನದು ಐವತ್ತು. ನಿನ್ನ ಪಾಲಿನದು ಸೊನ್ನೆ. ಸಹಿ ಹಾಕುವ ಶಾಯಿ ಮಾತ್ರ ನಿನ್ನದು.

ಬ್ಯಾಂಕಿನವನು ಕನ್ನಡಕದ ಮೇಲಿನಿಂದ ನೋಡಿದ. "ಅರವತ್ತೆರಡು ವಯಸ್ಸಲ್ಲಿ ಇಪ್ಪತ್ತು ವರ್ಷದ ಸಾಲ ಯಾಕಮ್ಮ? ಮಕ್ಕಳೂ ಇಲ್ಲ ಅಂತೀರಿ. ಯಾರಿಗೋಸ್ಕರ?"

"ನನಗೋಸ್ಕರ. ಇಪ್ಪತ್ತು ವರ್ಷ ಬದುಕೋ ಪ್ಲಾನ್ ಇದೆ, ಅದಕ್ಕೆ ಇಪ್ಪತ್ತು ವರ್ಷದ ಸಾಲ" ಎಂದೆ. ಆಮೇಲೆ ಎಣ್ಣೆಯ ಬಿಲ್ಲುಗಳನ್ನು ಅವನ ಮೇಜಿನ ಮೇಲೆ ಒಂದೊಂದಾಗಿ ಹರವಿದೆ. ವರ್ಷಕ್ಕೆ ಎರಡು ಸಾವಿರದ ಎಂಟು ನೂರು ಲೀಟರ್, ಮೂರು ಸಾವಿರದ ಮೇಲೆ ಫ್ರಾಂಕ್. ಕೆಲಸ ಮುಗಿದ ಮೇಲೆ ಕರೆಂಟಿಗೂ ಬಡ್ಡಿಗೂ ಸೇರಿ ಅಷ್ಟಾಗುವುದಿಲ್ಲ, ಇನ್ನೂ ಚೂರು ಮಿಗುತ್ತದೆ. ಅವನು ತಾನೇ ಕೂಡಿ ನೋಡಿದ, ಎರಡು ಸಲ. ಕನ್ನಡಕ ಸರಿಯಾಗಿ ಹಾಕಿಕೊಂಡು ಫಾರಂ ಕೊಟ್ಟ.

ಕೆಲಸ ಮಾಡುವವನು ವಾಲ್ಟಿನ್. ಪಕ್ಕದ ಮನೆಯವನಿಗೇ ಕೊಟ್ಟೆ ಎಂದು ನೀನು ಮೂಗು ಮುರಿಯಬೇಡ, ಮೂವರ ಹತ್ತಿರ ಬೆಲೆ ಬರೆಸಿಕೊಂಡಿದ್ದೇನೆ. ಎಪ್ಪತ್ತಾದರೂ ಅವನ ಕೈ ಇನ್ನೂ ನಡುಗುವುದಿಲ್ಲ, ಬಾಯಿ ಮಾತ್ರ ಇನ್ನೂ ನಿಲ್ಲುವುದಿಲ್ಲ. ಕಳೆದ ವಾರ ಉತ್ಸಾಹದಲ್ಲಿ ಅಟ್ಟಣೆಯ ಕಂಬಗಳನ್ನು ತಂದು ಗೋಡೆಗೆ ಒರಗಿಸಿಬಿಟ್ಟಿದ್ದ. ಸಹಾಯಧನ ಮಂಜೂರಾಗುವ ಮುನ್ನ ಒಂದು ಮೊಳೆ ಹೊಡೆದರೂ ಅರ್ಜಿ ವಜಾ ಎಂದು ಬಾರ್ಬ್ಲಾ ಮೂರು ಸಲ ಹೇಳಿದ್ದಳು. ನಾನು ಓಡಿಹೋಗಿ ಎಲ್ಲವನ್ನೂ ವಾಪಸ್ ಹೊರಿಸಿದೆ. ಅವನು ಕಂಬ ಹೊತ್ತುಕೊಂಡು ಗೊಣಗುತ್ತ ಹೋದ: "ಮೆಂಗಾ, ನಿನ್ನ ಗಂಡ ಸಹಿ ಹಾಕ್ದೆ ಇದ್ರೆ ಈ ಪ್ಲಾನೆಲ್ಲ ತಗೊಂಡು ಒಲೆಗೆ ಹಾಕು. ಅಷ್ಟರಮಟ್ಟಿಗಾದ್ರೂ ಮನೆ ಬೆಚ್ಚಗಾಗುತ್ತೆ."

"ಹಾಕ್ತಾನೆ" ಎಂದೆ.

"ಅದ್ಹೇಗೆ ಅಷ್ಟು ಗ್ಯಾರಂಟಿಯಾಗಿ ಹೇಳ್ತೀಯ? ಏಳು ವರ್ಷದಿಂದ ಅವನ ಮುಖ ನೋಡಿಲ್ಲ ನೀನು."

"ಲೆಕ್ಕ ಸರಿ ಇದ್ರೆ ಯೋರಿ ಇಲ್ಲ ಅನ್ನಲ್ಲ. ಮನುಷ್ಯರ ವಿಷಯದಲ್ಲಿ ಹೇಗೋ, ಲೆಕ್ಕದ ವಿಷಯದಲ್ಲಿ ಅವನು ನ್ಯಾಯವಂತ" ಎಂದೆ. ನೋಡು, ನಿನ್ನ ಹಿಂದೆ ನಿನ್ನನ್ನು ಹೊಗಳಿದ್ದೇನೆ.

ಇನ್ನು ಸೋರಿಕೆ ಪರೀಕ್ಷೆಯ ದಿನದ ಸಂಗತಿ. ಇದನ್ನು ಬರೆಯದೆ ದಾಟಿಸಬಹುದಿತ್ತು, ಆದರೆ ಬಾರ್ಬ್ಲಾಳ ವರದಿಯಲ್ಲಿ ಅಚ್ಚಾಗಿದೆ, ಹಾಳೆ ನಾಲ್ಕರಲ್ಲಿ ನೀನೇ ಓದುತ್ತೀಯ. ಅದಕ್ಕಿಂತ ನನ್ನ ಬಾಯಿಂದಲೇ ಕೇಳಿಬಿಡು.

ಫೆಬ್ರವರಿ ಹದಿಮೂರರ ಬೆಳಿಗ್ಗೆ ಅವಳು ಮುಂಬಾಗಿಲ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸಿದಳು. ಫ್ಯಾನು ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ, ಆಗ ಮನೆಯ ಪ್ರತಿಯೊಂದು ಸಂದಿಯಿಂದಲೂ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಅವಳು ಕೈಯಲ್ಲಿ ಹೊಗೆಯ ಕಡ್ಡಿ ಹಿಡಿದು ಕೋಣೆ ಕೋಣೆ ಸುತ್ತಿದಳು. ನಾನು ಹಿಂದಿನಿಂದ ಪುಸ್ತಕ ಹಿಡಿದು ಬರೆದುಕೊಂಡೆ. ಅಡುಗೆಮನೆಯ ಹೊಸ್ತಿಲು, ಮೆಟ್ಟಿಲ ಕೆಳಗೆ, ಎರಡನೆಯ ಕಿಟಕಿ. ಎಲ್ಲ ನಾನು ಎಣಿಸಿದಷ್ಟೇ. ಅತ್ತೆಯ ಕೋಣೆಗೆ ಹೋದಾಗ ಬೀರುವಿನ ಮುಂದೆ ಹೊಗೆ ಅಡ್ಡಡ್ಡ ಹಾರಿತು. ನಿನಗೆ ನೆನಪಿರಬಹುದು, ಹೂವಿನ ಚಿತ್ರ ಬರೆದ ಆ ದೊಡ್ಡ ಬೀರು. ಅತ್ತೆ ಹೋದ ವಾರ ನೀನೂ ವಾಲ್ಟಿನ್ನೂ ಸೇರಿ ನಾನು ಹೇಳಿದೆನೆಂದು ಉತ್ತರದ ಗೋಡೆಗೆ ಸರಿಸಿ ಇಟ್ಟದ್ದು.

"ಇದನ್ನ ಸರಿಸಬೇಕಲ್ಲ ಮೇಡಂ" ಎಂದಳು.

"ತುಂಬ ಭಾರ" ಎಂದೆ.

"ಸಾಲಕ್ಕಿಂತ ಭಾರವಾ?" ಎಂದು ತೋಳು ಮಡಚಿದಳು. ಇಬ್ಬರೂ ಹೆಗಲು ಕೊಟ್ಟು ಸರಿಸಿದೆವು.

ಜೀವದ ಕಿಂಡಿ ತೆರೆದೇ ಇತ್ತು ಯೋರಿ. ನಿಮ್ಮ ಮುತ್ತಜ್ಜನ ಮುತ್ತಜ್ಜ ತೊಲೆಯಲ್ಲಿ ಕೊರೆದಿಟ್ಟ ಆ ಅಂಗೈ ಅಗಲದ ಕಿಂಡಿ. ಸರಿಸಿ ಮುಚ್ಚುವ ಹಲಗೆ ಅಲ್ಲಿರಲಿಲ್ಲ. ಕಿಂಡಿಗೆ ಸಣ್ಣ ಕಣ್ಣಿನ ತಂತಿಯ ಜಾಲರಿ ಬಡಿದಿತ್ತು, ಇಲಿ ಹೆಗ್ಗಣ ಬಾರದ ಹಾಗೆ. ಅದರಾಚೆ ಹಿಮ ಬೆಳ್ಳಗೆ ಕಾಣುತ್ತಿತ್ತು. ಫ್ಯಾನು ಎಳೆಯುತ್ತಿದ್ದುದರಿಂದ ಗಾಳಿ ಶಿಳ್ಳೆ ಹಾಕುತ್ತ ಒಳಗೆ ಬರುತ್ತಿತ್ತು.

ಬಾರ್ಬ್ಲಾ ಹೊಗೆಯ ಕಡ್ಡಿ ಆರಿಸಿ, ತಲೆಯ ಟೊಪ್ಪಿ ತೆಗೆದಳು. "ನಮ್ಮಜ್ಜಿ ಮನೇಲೂ ಇತ್ತು ಇದು. ಉಸಿರು ನಿಂತ ಕೂಡ್ಲೇ ತೆಗೀಬೇಕು, ಜೀವ ಹೊರಗೆ ಹೋಗೋಕೆ. ಪ್ರಾರ್ಥನೆ ಮುಗಿದ ಮೇಲೆ ಮರೀದೆ ಮುಚ್ಚಬೇಕು. ಇಲ್ದಿದ್ರೆ ಹೋದೋರು ದಾರಿ ತಪ್ಪಿ ವಾಪಸ್ ಬರ್ತಾರೆ ಅಂತ ಅಜ್ಜಿ ಹೆದರಿಸ್ತಿದ್ಲು" ಎಂದಳು. ಆಮೇಲೆ ಜಾಲರಿಯನ್ನು ಉಗುರಿನಿಂದ ಮುಟ್ಟಿ, "ಈ ತಂತಿ ಅಷ್ಟೇನೂ ಹಳೇದಲ್ಲ" ಎಂದಳು.

ಯಾರು ಬಡಿದರೋ, ಯಾವಾಗ ಬಡಿದರೋ ಎಂದೆ. ಅತ್ತೆ ಹೋದ ದಿನದ ಗಡಿಬಿಡಿಯಲ್ಲಿ ಮುಚ್ಚಲು ಮರೆತುಹೋಗಿರಬೇಕು. ನೀನು ಬಂದು ಕೇಳಿದಾಗ ಮುಚ್ಚಿದ್ದೇನೆ ಎಂದು ಅಭ್ಯಾಸ ಬಲದಿಂದ ಹೇಳಿರಬೇಕು. ಆಗುತ್ತದೆ, ಮನುಷ್ಯರಲ್ಲವೇ.

ಆ ದಿನ ಬಾರ್ಬ್ಲಾ ಕಿಂಡಿಗೆ ಒಂದು ಟವೆಲು ತುರುಕಿ ಫ್ಯಾನನ್ನು ಮತ್ತೆ ಓಡಿಸಿದಳು. ಆ ಒಂದು ಕೋಣೆಯ ಸೋರಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಬೆರಳಿಟ್ಟು ತೋರಿಸಿದ ಹಾಗೆ ಹೇಳಿದಳು: "ಈ ಕೋಣೇಲಿ ಮಲಗಿದೋರು ಯಾರೇ ಆಗ್ಲಿ, ಒಂದು ದಿನಾನೂ ಬೆಚ್ಚಗೆ ಮಲಗಿರೋಕೆ ಸಾಧ್ಯವಿಲ್ಲ." ಊಟಕ್ಕೆ ಕೂತಾಗ ನಾನು ಒಂದು ಗುಟುಕು ಸಾರಾಯಿ ಸುರಿದು, ಇನ್ನು ಈ ಮೇಡಂ-ಗೀಡಂ ಬೇಡ, ಮೆಂಗಾ ಅಂತ ಕರಿ ಎಂದೆ. ಅವಳು ಲೋಟ ಎತ್ತಿ, "ಸರಿ ಮೆಂಗಾ. ಆದ್ರೆ ಆ ತಂತಿ ಬಡಿದೋರು ಯಾರು ಅಂತ ನಾನು ಕೇಳಲ್ಲ" ಎಂದಳು.

ಅತ್ತೆ ಹೋದ ಮೇಲೆ ನೀನು ಹಾಸಿಗೆ ಸಾಗಿಸಿಕೊಂಡು ಆ ಕೋಣೆಯಲ್ಲಿ ಎರಡು ಚಳಿಗಾಲ ಮಲಗಿದೆ. ಎರಡು ರಜಾಯಿ ಹೊದ್ದೆ, ಬಿಸಿನೀರಿನ ಚೀಲ ಇಟ್ಟುಕೊಂಡೆ, ರೇಡಿಯೇಟರಿನ ವಾಲ್ವುಗಳನ್ನೆಲ್ಲ ಬದಲಿಸಿದೆ. ಕೊನೆಗೆ ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಹೇಳಿದೆ: "ಈ ಮನೆಗೆ ನಾನು ಬೇಡವಾಗಿದ್ದೀನಿ ಮೆಂಗಾ. ನೀನೂ ಮನೇನೂ ಒಂದೇ ಥರ ತಣ್ಣಗಾಗಿಬಿಟ್ಟಿದ್ದೀರಿ." ಆ ಶರತ್ಕಾಲದಲ್ಲೇ ಕೂರ್ ಪಟ್ಟಣದ ಫ್ಲಾಟಿಗೆ ಹೋದೆ, ನೆಲದಡಿಯಲ್ಲಿ ಬಿಸಿನೀರು ಹರಿಯುವ ಫ್ಲಾಟು. ನನ್ನ ವಿಷಯ ಬಿಡು. ಮನೆಯ ಬಗ್ಗೆ ನೀನು ಹೇಳಿದ್ದು ಸರಿಯಾಗಿತ್ತು ಎಂದು ಈಗ ಅಚ್ಚಾದ ವರದಿ ಇದೆ. ನಿನಗೆ ಅದರ ಪ್ರತಿ ಸಿಗಲೇಬೇಕು ಎನಿಸಿತು.

ಇನ್ನೊಂದು ಸಣ್ಣ ವಸ್ತುವನ್ನೂ ಇದರ ಜೊತೆ ಇಟ್ಟಿದ್ದೇನೆ. ಹೋದ ಭಾನುವಾರ ನೆಲಮಾಳಿಗೆಯಲ್ಲಿ ಬಾಯ್ಲರಿನ ಸುತ್ತ ಚೊಕ್ಕ ಮಾಡಲು ಇಳಿದಿದ್ದೆ. ನೀನು ದಾರ ಕಟ್ಟಿ ನೇತುಹಾಕಿದ ಕಾರ್ಡು ಇನ್ನೂ ಅಲ್ಲೇ ಇತ್ತು, ಎಣ್ಣೆಯ ನಳಿಗೆ ಶುಚಿ ಮಾಡಿದ ತಾರೀಖು ಬರೆಯುವ ಕಾರ್ಡು. ೧೯೮೭ರಿಂದ ವರ್ಷಕ್ಕೊಂದು ಸಾಲು, ಅಕ್ಟೋಬರಿನಲ್ಲಿ, ನಿನ್ನ ಚಚ್ಚೌಕ ಅಕ್ಷರ. ೨೦೧೫ರಲ್ಲಿ ಮಾತ್ರ ಫೆಬ್ರವರಿ ೧೨ ಎಂದಿದೆ. ಆ ಒಂದೇ ತಾರೀಖಿಗೆ ನಾಲ್ಕು ಸಾಲು. ಎರಡು ಗಂಟೆ ಹತ್ತು, ನಳಿಗೆ ಶುಚಿ ಮಾಡಿದೆ. ಎರಡು ನಲವತ್ತು, ನಳಿಗೆ ಶುಚಿ ಮಾಡಿದೆ. ಮೂರೂ ಕಾಲು, ನಳಿಗೆ ಶುಚಿ ಮಾಡಿದೆ. ಮೂರು ಐವತ್ತು, ನಳಿಗೆ ಶುಚಿ ಮಾಡಿದೆ. ಕೊನೆಯ ಸಾಲಿನ ಅಕ್ಷರ ಚಚ್ಚೌಕವಾಗಿಲ್ಲ.

ದಾರ ಕತ್ತರಿಸಿ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಮೇಲೆ ಬಂದೆ. ಬಾಯ್ಲರು ಗುಜರಿಗೆ ಹೋಗುತ್ತದೆ, ಕಾರ್ಡು ನಿನ್ನದು.

ಫಾರಂಗಳಲ್ಲಿ ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲಿನಿಂದ ಗುರುತು ಮಾಡಿದ್ದೇನೆ. ಹೆಸರು ಪೂರ್ತಿ ಬರೆ, ಬರೀ ಯೋರಿ ಎಂದು ಗೀಚಬೇಡ. ಏಪ್ರಿಲ್ ಹತ್ತು.

ಕಾನೂನಿನ ಪ್ರಕಾರ ಇನ್ನೂ ನಿನ್ನ ಹೆಂಡತಿ,
ಮೆಂಗಾ

ಸಹಿ ಹಾಕಿದ ಮೇಲೆ ಬರೆದದ್ದು:

ಅಂಟು ಹಚ್ಚಲು ಲಕೋಟೆಯನ್ನು ನಾಲಿಗೆಯ ತನಕ ಒಯ್ದವಳು ಮತ್ತೆ ಬಿಚ್ಚಿ ಕೂತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಒಂಬತ್ತು ವರ್ಷ ಹಳೆಯ ಸುಳ್ಳು, ಬರೆಯುವಾಗ ಕೈ ತಾನೇ ಬರೆದುಕೊಂಡು ಹೋಯಿತು.

ಕಿಂಡಿ ಮರೆತು ಉಳಿದದ್ದಲ್ಲ. ಜಾಲರಿ ಬಡಿದವಳು ನಾನೇ, ನಾಲ್ಕು ಮೊಳೆ, ಅಡುಗೆಮನೆಯ ಸುತ್ತಿಗೆ. ಬೀರುವನ್ನು ಅಲ್ಲಿಗೆ ಸರಿಸಿ ಎಂದದ್ದೂ ಅದು ನಿನಗೆ ಕಾಣಬಾರದೆಂದೇ. ನೀವು ಸರಿಸುವ ತನಕ ಕಿಂಡಿಯ ಮೇಲೆ ಅತ್ತೆಯ ಶಾಲು ನೇತುಹಾಕಿದ್ದೆ, ಬೀರು ಬಂದ ಮೇಲೆ ಹಿಂದಿನಿಂದ ಎಳೆದುಕೊಂಡೆ.

ಅತ್ತೆ ಹೋದ ದಿನ ಮಧ್ಯಾಹ್ನ ಹಿಮ ಕುಸಿದು ರಸ್ತೆ ಮುಚ್ಚಿ, ನೀನು ಕೆಳಗೆ ಸಿಕ್ಕಿಕೊಂಡಿದ್ದಾಗ, ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಇಪ್ಪತ್ತು ವರ್ಷ ನನ್ನ ಸೂಪಿಗೆ ಉಪ್ಪು ಕಡಿಮೆ ಎಂದವರು. ಅವರು ಹೇಳಿದ್ದು ಇಷ್ಟು: "ಮೆಂಗಾ, ಉಸಿರು ನಿಂತ್ಮೇಲೆ ಆ ಕಿಂಡಿ ತೆಗಿ. ಆದ್ರೆ ನೀನು ಮುಚ್ಚಬೇಡ. ಯೋರಿ ಬರ್ಲಿ, ಅವನ ಕೈಯಲ್ಲೇ ಮುಚ್ಚಿಸು. ನನ್ನ ನೋಡಕ್ಕಾಗ್ಲಿಲ್ಲ ಅಂತ ಜೀವಮಾನ ಪೂರ್ತಿ ಕೊರಗ್ತಾನೆ ಅವನು, ಬಾಯಿಬಿಟ್ಟು ಹೇಳಲ್ಲ. ಅಷ್ಟಾದ್ರೂ ಕೈಯಾರೆ ಮಾಡ್ಲಿ." ನಾನು ಆಗಲಿ ಎಂದೆ. ಮಾತು ಕೊಟ್ಟೆ.

ಮೂರನೆಯ ದಿನ, ಫೆಬ್ರವರಿ ಹನ್ನೆರಡಕ್ಕೆ, ರಸ್ತೆ ತೆರೆಯಿತು. ನಾನು ಅತ್ತೆಯ ಪಕ್ಕ ಕೂತು, ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದೆ. ನಿನ್ನ ಬೂಟಿನ ಸದ್ದು ಒಳಗೆ ಬಂತು, ಮೆಟ್ಟಿಲ ಹತ್ತಿರ ನಿಂತಿತು, ಮೇಲೆ ಬರದೆ ನೆಲಮಾಳಿಗೆಗೆ ಇಳಿಯಿತು. ಹತ್ತಿರ ಹತ್ತಿರ ಎರಡು ತಾಸು ಕಾದೆ. ನೀನು ಬಂದಾಗ ಕೈತುಂಬ ಎಣ್ಣೆ ಇತ್ತು. ಬಾಗಿಲಲ್ಲೇ ನಿಂತು, "ಕಿಂಡಿ ಮುಚ್ಚಿದ್ದೀಯಾ?" ಎಂದು ಕೇಳಿದೆ, ಬಾಯ್ಲರಿನ ವಾಲ್ವು ಮುಚ್ಚಿದ್ದೀಯಾ ಎಂದು ಕೇಳುವ ದನಿಯಲ್ಲಿ. ನನ್ನ ಮೈ ಉರಿಯಿತು. ಹಲಗೆಯನ್ನು ಏಪ್ರನ್ನಿನ ಕೆಳಗೆ ತಳ್ಳಿ, ಮುಚ್ಚಿದ್ದೇನೆ ಎಂದೆ. ಹೆತ್ತವಳಿಗಿಂತ ಮೊದಲು ಬಾಯ್ಲರನ್ನು ನೋಡಿದವನು ಇನ್ನೂ ಬಂದಿಲ್ಲ, ನಿಜವಾಗಿ ಬರುವ ದಿನ ಅವನ ಕೈಯಿಂದಲೇ ಮುಚ್ಚಿಸುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಆಮೇಲೆ ನೀನು ಆ ಚಳಿಯಲ್ಲಿ ಮಲಗಿ ಕೆಮ್ಮುವುದನ್ನು ಗೋಡೆಯಾಚೆಯಿಂದ ಕೇಳುತ್ತಲೂ ಬಾಯಿ ಬಿಡಲಿಲ್ಲ. ಇವತ್ತು ಕೇಳುತ್ತಾನೆ, ನಾಳೆ ಅಮ್ಮನ ಮಾತು ಎತ್ತುತ್ತಾನೆ ಎಂದು ಕಾದೆ. ನೀನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನೀನು ಹೊರಟ ದಿನ ಕೂಡ ಹೇಳಬಹುದಿತ್ತು. ಬಸ್ಸು ಓಡಿಸಿದವಳೇ ನಾನು, ನೀನು ಮೂರನೆಯ ಸಾಲಿನಲ್ಲಿ ಕೂತಿದ್ದೆ.

ಆ ಕಾರ್ಡು ನೋಡುವ ತನಕ ನನಗೆ ತಿಳಿಯಲಿಲ್ಲ ಯೋರಿ. ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ಒಂದು ಮಧ್ಯಾಹ್ನ ನಾಲ್ಕು ಸಲ ಯಾರೂ ಮಾಡುವುದಿಲ್ಲ. ನೀನು ಅವತ್ತೇ ಬಂದಿದ್ದೆ. ನಾನು ಮಹಡಿಯಲ್ಲಿ ಕಾದೆ, ನೀನು ನೆಲಮಾಳಿಗೆಗೆ ಬಂದಿದ್ದೆ. ತಪ್ಪು ನನ್ನದು, ಕ್ಷಮಿಸು.

ಬಾರ್ಬ್ಲಾ ತುರುಕಿದ ಟವೆಲನ್ನು ಅವಳು ಹೋದ ಮೇಲೆ ತೆಗೆದೆ. ಕಿಂಡಿ ಈಗಲೂ ತೆರೆದೇ ಇದೆ. ಜೂನ್ ಮೊದಲ ವಾರ ವಾಲ್ಟಿನ್ ಉತ್ತರದ ಗೋಡೆಗೆ ಹೊರಗಿನಿಂದ ಹಲಗೆ ಬಡಿಯುತ್ತಾನೆ, ಆಮೇಲೆ ಅದು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅದಕ್ಕೆ ಮುಂಚೆ ಮುಚ್ಚಬೇಕಾದವನು ನೀನು. ನನ್ನಿಂದಾಗದು, ಅತ್ತೆಗೆ ಮಾತು ಕೊಟ್ಟಿದ್ದೇನೆ. ಹಲಗೆ ಅಡುಗೆಮನೆಯ ಗಡಿಯಾರದ ಹಿಂದೆ ಇದೆ, ಒಂಬತ್ತು ವರ್ಷದಿಂದ ಅಲ್ಲೇ ಇದೆ. ಚಳಿಗಾಲಕ್ಕೊಮ್ಮೆ ಎಣ್ಣೆ ಸವರಿ ಇಟ್ಟಿದ್ದೇನೆ, ಸರಾಗವಾಗಿ ಕೂರುತ್ತದೆ.

ಅಂಚೆಚೀಟಿ ಹಚ್ಚಿದ ಖಾಲಿ ಲಕೋಟೆ ಇಟ್ಟಿದ್ದೇನೆ ಎಂದು ಮೊದಲಲ್ಲಿ ಬರೆದೆನಲ್ಲ, ಅದನ್ನು ಈಗ ತೆಗೆದುಬಿಟ್ಟೆ, ಹುಡುಕಬೇಡ. ಸಹಿ ಹಾಕಿದ ಫಾರಂ ಅಂಚೆಯಲ್ಲಿ ಬೇಡ. ಕೈಯಲ್ಲೇ ತಾ. ಬಸ್ಸಿನ ವೇಳೆ ಬದಲಾಗಿಲ್ಲ.